ಓಕ್ಲ್ಯಾಂಡಿನ ಗ್ಯಾರೇಜ್ ಸಂತೆ

ಗುಜರಿಯ ಬೆಲೆಪಟ್ಟಿಗೆ ಕಣ್ಣಿಲ್ಲ. ಕ್ಯಾಲಿಫೋರ್ನಿಯಾದ ಓಕ್ಲ್ಯಾಂಡಿನ ಪೂರ್ವಭಾಗದಲ್ಲಿ, ಬಾರ್ಟ್ ರೈಲಿನ ಎತ್ತರದ ಹಳಿಯ ಪಕ್ಕದಲ್ಲೇ ಸಾಗುವ ಸ್ಯಾನ್ ಲಿಯಾಂಡ್ರೊ ಸ್ಟ್ರೀಟ್ ಕಡೆಯಲ್ಲಿ ಹಳೆ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಬಂದವರಿಗೆ ಬಿಡಿಭಾಗ ಬಿಚ್ಚಿಕೊಳ್ಳಲು ಬಿಡುವ ಅಂಗಳಗಳ ವಹಿವಾಟು ಬಹುಕಾಲದಿಂದ ನಡೆದುಬಂದಿದೆ. ಈ ವ್ಯಾಪಾರದಲ್ಲಿ ದೊಡ್ಡ ಹೆಸರು ಪಿಕ್-ಎನ್-ಪುಲ್. ಬಾಗಿಲಲ್ಲಿ ಕೆಲವೇ ಡಾಲರ್ ಪ್ರವೇಶ ಶುಲ್ಕ ಕಟ್ಟಬೇಕು. ಸ್ಪ್ಯಾನರ್, ಸಾಕೆಟ್ ಸೆಟ್ ನಾವೇ ಒಯ್ಯಬೇಕು. ಗ್ಯಾಸ್ ಕಟರ್, ಜಾಕ್ ಒಳಗೆ ಬಿಡುವುದಿಲ್ಲ. ಕಾರುಗಳೆಲ್ಲ ಹಳೆ ರಿಮ್‌ಗಳನ್ನು ಬೆಸುಗೆ ಹಾಕಿ ಮಾಡಿದ ಪೀಠಗಳ ಮೇಲೆ ಕೂತಿರುತ್ತವೆ. ಅಡಿಗೆ ನುಗ್ಗಿ, ಬೆನ್ನಿಗೆ ಮಣ್ಣು ಮೆತ್ತಿಕೊಂಡು, ಬೇಕಾದ್ದನ್ನು ಬಿಚ್ಚಿ ಕೌಂಟರಿಗೆ ತಂದರೆ ಪಟ್ಟಿ ನೋಡಿ ದುಡ್ಡು ಹೇಳುತ್ತಾರೆ. ಆಲ್ಟರ್ನೇಟರ್ ಎಂದರೆ ಆಲ್ಟರ್ನೇಟರ್. ಅದು ಬಡ ಕೊರೊಲಾದ್ದೋ ಜಂಬದ ಜರ್ಮನ್ ಕಾರಿನದ್ದೋ ಎಂದು ಪಟ್ಟಿ ಕೇಳುವುದಿಲ್ಲ.

ಹಾಗಾಗಿ ಇಲ್ಲಿ ಗೆಲ್ಲುವವನು ಕಣ್ಣಿರುವ ಗಿರಾಕಿ. ಯಾವ ವರ್ಷದ ಯಾವ ಮಾದರಿಯ ಬ್ರೇಕ್ ಕ್ಯಾಲಿಪರ್ ತನ್ನ ಕಾರಿಗೂ ಕೂರುತ್ತದೆ, ಯಾವ ದೊಡ್ಡ ಸೆಡಾನಿನ ರೇಡಿಯೇಟರು ತನ್ನ ಪುಟ್ಟ ಹೋಂಡಾಕ್ಕೆ ಹೊಂದುತ್ತದೆ ಎಂದು ಬಲ್ಲವನು ನೂರಾರು ಡಾಲರಿನ ಮಾಲನ್ನು ಚಿಲ್ಲರೆ ಕಾಸಿಗೆ ಹೊತ್ತು ತರುತ್ತಾನೆ. ಪಿಕ್-ಎನ್-ಪುಲ್ ಗುಜರಿ ಸರಣಿಯ ಒಡೆತನ ಬಹುಕಾಲ ಶ್ನಿಟ್ಜರ್ ಸ್ಟೀಲ್ ಕಂಪನಿಯದಾಗಿತ್ತು. ಓಕ್ಲ್ಯಾಂಡ್ ಬಂದರಿನ ಬಳಿ ಕಬ್ಬಿಣದ ಬೆಟ್ಟ ಒಟ್ಟಿ ಹಡಗಿಗೆ ತುಂಬಿಸುವ ಸ್ಕ್ರ್ಯಾಪ್ ಅಂಗಳವೂ ಅದರದ್ದೇ. 2023ರಲ್ಲಿ ಅದು ರೇಡಿಯಸ್ ರೀಸೈಕ್ಲಿಂಗ್ ಎಂದು ಹೆಸರು ಬದಲಿಸಿಕೊಂಡಿತು. 2025ರಲ್ಲಿ ಅದನ್ನು ಕೊಂಡದ್ದು ಟೊಯೋಟಾ ಸಮೂಹದ ವ್ಯಾಪಾರಿ ಕಂಪನಿ ಟೊಯೋಟಾ ತ್ಸೂಶೋ. ಕಾರು ಹುಟ್ಟಿಸುವವರೇ ಕೊನೆಗೆ ಕಾರಿನ ಮಸಣವನ್ನೂ ಕೊಂಡರು.

ಆದರೆ ನಾನು ಹೇಳಹೊರಟಿರುವುದು ಸತ್ತ ಕಾರಿನ ಬಿಡಿಭಾಗದ ಕತೆಯಲ್ಲ. ಬದುಕಿರುವ, ಇನ್ನೂ ಓಡುತ್ತಿರುವ ಕಾರಿನಿಂದ ಬಿಚ್ಚಿ, ಅದೇ ಗೀಳಿನ ಮತ್ತೊಬ್ಬನಿಗೆ ಮಾರುವ ಸಾಮಾನಿನದು. ಇದಕ್ಕೆ ಅಂಗಡಿಯಿಲ್ಲ, ಬೋರ್ಡಿಲ್ಲ. ಶನಿವಾರ ಭಾನುವಾರ ಬೆಳಿಗ್ಗೆ ಈಸ್ಟ್ ಬೇಯ ಯಾವುದೋ ಮನೆಯ ಗ್ಯಾರೇಜ್ ಬಾಗಿಲು ಮೇಲಕ್ಕೆ ಸರಿದಿರುತ್ತದೆ. ಒಳಗೆ ಜ್ಯಾಕ್ ಸ್ಟ್ಯಾಂಡ್ ಮೇಲೆ ಕಾರು, ನೆಲದಲ್ಲಿ ರಟ್ಟಿನ ಹಾಳೆ, ಹಾಳೆಯ ಮೇಲೆ ಸಾಲಾಗಿ ಬೋಲ್ಟು. ಇಲ್ಲಿ ಬೆಲೆಗೆ ಕಣ್ಣಿದೆ, ಮೂಗಿದೆ, ನೆನಪೂ ಇದೆ. ಮಾರುವವನಿಗೆ ಎಷ್ಟು ಗೊತ್ತೋ ಕೊಳ್ಳುವವನಿಗೂ ಅಷ್ಟೇ ಗೊತ್ತು. ಟೋಪಿ ಹಾಕುವುದು ಕಷ್ಟ, ಹಾಕಿದರೆ ದಕ್ಕಿಸಿಕೊಳ್ಳುವುದು ಇನ್ನೂ ಕಷ್ಟ.

ನಮ್ಮ ಅಕ್ಕನ ಮಗ ಓಕ್ಲ್ಯಾಂಡಿನ ಲಾರೆಲ್ ಬಡಾವಣೆಯಲ್ಲಿ ಬಾಡಿಗೆಗಿದ್ದಾನೆ. ಸಾಫ್ಟ್‌ವೇರ್ ಕೆಲಸ, ಪ್ರಾಣ ಮಾತ್ರ 2011ರ ಸುಬಾರು ಡಬ್ಲ್ಯುಆರ್‌ಎಕ್ಸ್ ಎಂಬ ಟರ್ಬೊ ಕಾರಿನಲ್ಲಿ. ಕಂಪನಿಯಿಂದ ಬಂದಾಗಲೇ 265 ಅಶ್ವಶಕ್ತಿ ಇದ್ದ ಗಾಡಿಗೆ ಇನ್ನೂ ಏನೇನೋ ಹಾಕಿಸಿದ್ದ. ಈಗ ಅದನ್ನೆಲ್ಲ ಬಿಚ್ಚಿ ಮಾರಿ, ಕಾರನ್ನು ಮೊದಲಿನಂತೆ ಮಾಡಿ, ಅದನ್ನೂ ಮಾರಿ ಎಲೆಕ್ಟ್ರಿಕ್ ಗಾಡಿ ಕೊಳ್ಳುವ ಯೋಚನೆ. ನಾನು ಅಲ್ಲಿಗೆ ಹೋದಾಗ ಗ್ಯಾರೇಜಿನಲ್ಲಿ ಕಾಲಿಡಲು ಜಾಗವಿರಲಿಲ್ಲ.

"ಇದೆಲ್ಲ ಮಾರಿದ್ರೆ ಎಷ್ಟು ಬರುತ್ತೋ?" ಅಂದೆ.

"ಹಾಕಿದ್ದರಲ್ಲಿ ಅರ್ಧ ಬಂದ್ರೆ ಪುಣ್ಯ ಮಾವ. ಫಿಟ್ಟಿಂಗ್ ಕೂಲಿ, ಟ್ಯೂನಿಂಗ್ ದುಡ್ಡು ಹೋದಂಗೇ."

ಅಷ್ಟರಲ್ಲಿ ವಲ್ಲೇಹೊ ಕಡೆಯಿಂದ ಪಿಕಪ್ ಟ್ರಕ್ಕಿನಲ್ಲಿ ಒಬ್ಬಾತ ಬಂದ. ಎತ್ತರ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದಾದ ಸ್ಪ್ರಿಂಗು-ಶಾಕ್ ಜೋಡಿಗೆ ಇವರು 'ಕಾಯ್ಲೋವರ್' ಅನ್ನುತ್ತಾರೆ. ಅದರ ನಾಲ್ಕು ನಗದ ಸೆಟ್ಟು ನೋಡಲು ಬಂದಿದ್ದ. ನಮಸ್ಕಾರ ಚಮತ್ಕಾರ ಮುಗಿದದ್ದೇ ಮೊಣಕಾಲೂರಿ ಕೂತ. ಜೇಬಿನಿಂದ ಬಿಳಿ ಟಿಶ್ಯೂ ತೆಗೆದು ಶಾಕ್‌ನ ಹೊಳೆಯುವ ಕಡ್ಡಿಯನ್ನು ಸುತ್ತಲೂ ಒರೆಸಿ ಬೆಳಕಿಗೆ ಹಿಡಿದು ನೋಡಿದ. ಎಣ್ಣೆಯ ಕಂದು ಕಲೆ ಕಂಡರೆ ಸೀಲು ಹೋಗಿದೆ ಎಂದರ್ಥ. ಕಡ್ಡಿಯ ಮೇಲೆ ಉಗುರಾಡಿಸಿದ. ಗೀರು ತಗುಲಿದರೆ ಇವತ್ತಲ್ಲ ನಾಳೆ ಸೋರುವುದು ಖಾತ್ರಿ. ಆಮೇಲೆ ಎತ್ತರ ಹೊಂದಿಸುವ ಉಂಗುರವನ್ನು ಬರಿಗೈಯಲ್ಲಿ ತಿರುಗಿಸಿದ. ಮೂರು ಸಲೀಸಾಗಿ ತಿರುಗಿದವು, ನಾಲ್ಕನೆಯದು ಅರ್ಧ ಸುತ್ತಿಗೆ ಕಚ್ಚಿಕೊಂಡಿತು. ತಲೆಯೆತ್ತಿ ಕೇಳಿದ ಮೊದಲ ಪ್ರಶ್ನೆ: ಚಳಿಗಾಲದಲ್ಲಿ ಟಾಹೋಗೆ ಹೋಗಿದ್ದೆಯಾ?

ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಹುಡುಗ ಬಿಡಿಸಿ ಹೇಳಿದ. ಟಾಹೋ ಸರೋವರದ ಬೆಟ್ಟದ ದಾರಿಯಲ್ಲಿ ಹಿಮ ಕರಗಿಸಲು ಉಪ್ಪು ಹಾಕುತ್ತಾರೆ. ಆ ಉಪ್ಪುನೀರು ಚಕ್ರ ಎರಚಿದಂತೆಲ್ಲ ಥ್ರೆಡ್ಡಿಗೆ ಕೂತು ಕಚ್ಚುತ್ತದೆ. ಓಕ್ಲ್ಯಾಂಡಿನಲ್ಲೇ ಓಡಾಡಿದ ಕಾರಿಗೆ ತುಕ್ಕು ಕಡಿಮೆ, ವಾರಾಂತ್ಯಕ್ಕೆ ಸ್ಕೀಯಿಂಗ್‌ಗೆ ಹೋದ ಕಾರಿಗೆ ಜಾಸ್ತಿ. ಒಂದು ಉಂಗುರ ಕಚ್ಚಿದ್ದರಿಂದ ಆ ಗಿರಾಕಿ ಕಾರಿನ ನಾಲ್ಕು ಚಳಿಗಾಲ ಓದಿಬಿಟ್ಟ. ಪರೀಕ್ಷೆಗೆ ಅರ್ಧ ಗಂಟೆ ಹಿಡಿಯಿತು, ಚೌಕಾಸಿಗೆ ಒಂದು ನಿಮಿಷ. 900 ಅಂದದ್ದು 780ಕ್ಕೆ ಇಳಿಯಿತು, ನಗದು ಕೈ ಬದಲಾಯಿತು. ಹೊರಡುವಾಗ ಅವನು ನಮ್ಮ ಹುಡುಗನಿಗೆ ಕಚ್ಚಿದ ಥ್ರೆಡ್ ಬಿಡಿಸಲು ಯಾವ ಎಣ್ಣೆ ಬಿಟ್ಟು ಎಷ್ಟು ಹೊತ್ತು ಕಾಯಬೇಕು ಎಂದು ಪಾಠ ಹೇಳಿಯೇ ಹೋದ. ಮಾರಿದವನಿಗೆ ಕೊಂಡವನು ಪಾಠ ಹೇಳುವ ವ್ಯಾಪಾರವನ್ನು ನಾನು ಬೇರೆಲ್ಲೂ ನೋಡಿಲ್ಲ.

ಚಕ್ರಗಳು ಮಾತ್ರ ಹೋಗಲಿಲ್ಲ. ಕಾರಣ ಲೆಕ್ಕದ್ದು. ಆ ಸುಬಾರುವಿನ ಚಕ್ರಕ್ಕೆ ಐದು ಬೋಲ್ಟು, ಅವು ಕೂರುವ ವೃತ್ತದ ಅಡ್ಡಳತೆ 100 ಮಿಲಿಮೀಟರ್. ಅದೇ ಕಾರಿನ ಅಣ್ಣನಂತಿರುವ ಎಸ್‌ಟಿಐಗೆ 2005ರಿಂದಲೇ 114.3 ಮಿಲಿಮೀಟರ್, 2015ರಿಂದ ಡಬ್ಲ್ಯುಆರ್‌ಎಕ್ಸ್ ಕೂಡ ಅದೇ ಅಳತೆಗೆ ಹೋಯಿತು. ಹದಿನಾಲ್ಕು ಮಿಲಿಮೀಟರ್ ವ್ಯತ್ಯಾಸಕ್ಕೆ ಗಿರಾಕಿಗಳ ಸಾಲು ಕಾಲುಭಾಗಕ್ಕೆ ಇಳಿಯುತ್ತದೆ. ಜಪಾನಿನ 'ರೇಯ್ಸ್' ಕಂಪನಿಯ ಟಿಇ37ನಂಥ ಎರಕವಲ್ಲದ, ಬಡಿದು ಮಾಡಿದ ಹಗುರ ಚಕ್ರವಾದರೆ ಮಾತು ಬೇರೆ. 1996ರಲ್ಲಿ ಬಂದ ಆ ಚಕ್ರದ 15 ಇಂಚಿನದು ಬರೀ 3.7 ಕಿಲೋ ತೂಗುತ್ತಿತ್ತು. ಅದಕ್ಕೆ ಬೆಲೆ ಇಳಿಯುವುದೇ ಇಲ್ಲ, ನಕಲಿಗಳ ಕಾಟವೂ ಅಷ್ಟೇ.

ಇನ್ನು ಈ ಸಂತೆಯ ತಿರುಳಿಗೆ ಬರೋಣ. ಗ್ಯಾರೇಜಿನ ಮೂಲೆಯಲ್ಲಿ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಹಗ್ಗ ಕಟ್ಟಿ ನಿಲ್ಲಿಸಿದ್ದ ಒಂದು ವಸ್ತುವಿತ್ತು. ಉಳಿದೆಲ್ಲಕ್ಕೂ ಬೆಲೆಯ ಚೀಟಿ ಅಂಟಿಸಿದ್ದವನು ಅದಕ್ಕೆ ಮಾತ್ರ ಅಂಟಿಸಿರಲಿಲ್ಲ.

"ಇದ್ಯಾಕೋ ಮಾರ್ತಿಲ್ಲ?"

"ಅದು ಕಂಪನಿದು ಮಾವ. ಅದಿಲ್ಲದೆ ಗಾಡಿನೇ ಇಲ್ಲ."

ಟರ್ಬೊದಿಂದ ಹೊಗೆಯನ್ನು ಕೆಳಕ್ಕೆ ಒಯ್ಯುವ ಕೊಳವೆ ಅದು. ಅದರೊಳಗೆ ಕ್ಯಾಟಲಿಟಿಕ್ ಕನ್ವರ್ಟರ್ ಇದೆ: ಜೇನುಗೂಡಿನಂಥ ಪಿಂಗಾಣಿ ತಿರುಳು, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. ಹೊಗೆಯಲ್ಲಿನ ವಿಷಾನಿಲ ಅಲ್ಲಿ ಅಷ್ಟು ಹಾನಿಯಿಲ್ಲದ ಅನಿಲವಾಗಿ ಬದಲಾಗುತ್ತದೆ. ವೇಗದ ಹುಚ್ಚಿನವರು ಮೊದಲು ಕಿತ್ತುಹಾಕುವುದು ಇದನ್ನೇ, ಏಕೆಂದರೆ ಹೊಗೆ ಸರಾಗವಾಗಿ ಹೊರಬಿದ್ದರೆ ಟರ್ಬೊ ಬೇಗ ಎಚ್ಚರಗೊಳ್ಳುತ್ತದೆ. ಕ್ಯಾಲಿಫೋರ್ನಿಯಾ ಸರ್ಕಾರ ಕಣ್ಣಿಟ್ಟಿರುವುದೂ ಇದರ ಮೇಲೆಯೇ.

ಲಾಸ್ ಏಂಜಲೀಸಿನ ಹೊಗೆಮಂಜಿನಿಂದ ಕಂಗೆಟ್ಟ ಈ ರಾಜ್ಯ 1966ರಲ್ಲೇ ಕಾರಿನ ಹೊಗೆಗೆ ಮಿತಿ ಹಾಕಿತು. 1967ರಲ್ಲಿ ವಾಯು ಸಂಪನ್ಮೂಲ ಮಂಡಳಿ ಹುಟ್ಟಿತು. ಇಂಗ್ಲಿಷ್ ಮೊದಲಕ್ಷರಗಳಿಂದ ಅದನ್ನು ಎಲ್ಲರೂ 'ಕಾರ್ಬ್' ಎನ್ನುತ್ತಾರೆ. 1984ರಲ್ಲಿ ಸ್ಮಾಗ್ ಚೆಕ್ ಬಂತು. ಇವತ್ತಿನ ಲೆಕ್ಕದಲ್ಲಿ, 1976 ಮತ್ತು ಅದರ ನಂತರದ ಪೆಟ್ರೋಲ್ ಕಾರು ಎಂಟು ವರ್ಷ ದಾಟಿದರೆ ಎರಡು ವರ್ಷಕ್ಕೊಮ್ಮೆ ತಪಾಸಣೆ. ಪಾಸಾಗದೆ ನೋಂದಣಿ ನವೀಕರಣವಿಲ್ಲ. ಅಲ್ಲಿ ಯಂತ್ರಕ್ಕೆ ತಗುಲಿಸಿ ನೋಡುವುದಷ್ಟೇ ಅಲ್ಲ, ಬಾನೆಟ್ ಎತ್ತಿ ಕಣ್ಣಲ್ಲೂ ನೋಡುತ್ತಾರೆ. ಹೊಗೆಗೆ ಸಂಬಂಧಪಟ್ಟ ಯಾವ ಭಾಗ ಕಂಪನಿಯದಲ್ಲವೋ ಅದಕ್ಕೆ ಕಾರ್ಬ್ ಕೊಟ್ಟ ಅನುಮತಿ ಸಂಖ್ಯೆ ಬೇಕು. 'ಡಿ' ಅಕ್ಷರದಿಂದ ಶುರುವಾಗುವ ಆ ಸಂಖ್ಯೆಯ ಸ್ಟಿಕ್ಕರು ಬಾನೆಟ್ಟಿನ ಅಡಿ ಇರಬೇಕು. ಸ್ಟಿಕ್ಕರಿಲ್ಲದಿದ್ದರೆ ಹೊಗೆ ಎಷ್ಟೇ ಶುದ್ಧವಿದ್ದರೂ ಫೇಲು. ವಾಹನ ಕಾಯ್ದೆಯ 27156ನೇ ಸೆಕ್ಷನ್ ಎಂದರೆ ಇಲ್ಲಿನ ಹುಡುಗರಿಗೆ ಬಾಯಿಪಾಠ.

ಹೀಗಾಗಿ ಈ ಸಂತೆಯಲ್ಲಿ ಒಂದೇ ಕಂಪನಿಯ ಎರಡು ಏರ್ ಇನ್‌ಟೇಕ್ ಪಕ್ಕಪಕ್ಕ ಇಟ್ಟರೆ ಸ್ಟಿಕ್ಕರಿರುವುದಕ್ಕೆ ಒಂದು ಬೆಲೆ, ಇಲ್ಲದ್ದಕ್ಕೆ ಇನ್ನೊಂದು. ಪೈಪು ಅದೇ, ಫಿಲ್ಟರು ಅದೇ. ಹೆಬ್ಬೆರಳಗಲದ ಬೆಳ್ಳಿಬಣ್ಣದ ಚೀಟಿಗೆ ಗಿರಾಕಿ ದುಡ್ಡು ಕೊಡುತ್ತಾನೆ. ಚೀಟಿ ಹರಿದಿದ್ದರೆ ಕಂಪನಿಗೆ ಬರೆದು ಹೊಸದು ತರಿಸಿಕೊಂಡು ಆಮೇಲೆ ಮಾರುವವರೂ ಉಂಟು. ಕನ್ವರ್ಟರಿನ ಹಿಂದಿನ ಸೈಲೆನ್ಸರ್ ಭಾಗಕ್ಕೆ ಈ ತಲೆನೋವಿಲ್ಲ. ಸದ್ದು 95 ಡೆಸಿಬಲ್ ಮೀರದಿದ್ದರೆ ಸಾಕು. ಶಾಕ್, ಬ್ರೇಕ್, ಚಕ್ರಗಳನ್ನು ಯಾರೂ ಕೇಳುವುದಿಲ್ಲ. ಕನ್ವರ್ಟರಿನ ಮುಂದೆಯೋ ಹಿಂದೆಯೋ ಎಂಬುದೇ ಮಾರುವವನು ಮೊದಲು ಹಾಕಿಕೊಳ್ಳಬೇಕಾದ ಗೆರೆ.

2021ರ ಜುಲೈ 19ರಿಂದ ಇನ್ನೊಂದು ಬೀಗ ಬಿತ್ತು. ಕಾರಿನ ಕಂಪ್ಯೂಟರಿನಲ್ಲಿ ಕಂಪನಿ ಬರೆದ ಪ್ರೋಗ್ರಾಂ ಇದೆಯೋ ಯಾರಾದರೂ ತಿದ್ದಿದ್ದಾರೋ ಎಂದು ಸ್ಮಾಗ್ ಚೆಕ್ ಅಂದಿನಿಂದ ಪರೀಕ್ಷಿಸತೊಡಗಿತು. ತಿದ್ದಿದ್ದು ಸಿಕ್ಕರೆ ಕಂಪನಿಯ ಪ್ರೋಗ್ರಾಂ ಮತ್ತೆ ತುಂಬಿಸಿಕೊಂಡು ಬರಬೇಕು. ಪ್ರೋಗ್ರಾಂ ಮೊದಲಿನಂತಾದ ಮೇಲೆ ಹಾಕಿಸಿದ ಭಾಗಗಳಿಗೆ ಕೆಲಸವೇನು? ಹೀಗೆ ಗ್ಯಾರೇಜ್ ಬಾಗಿಲು ಎತ್ತಿ ಎಲ್ಲವನ್ನೂ ಬಿಚ್ಚಿ ಮಾರಲು ಕೂತವರಲ್ಲಿ ನಮ್ಮ ಹುಡುಗನೂ ಒಬ್ಬ.

ಇಲ್ಲೊಂದು ಪೇಚಿದೆ. ಕ್ಯಾಲಿಫೋರ್ನಿಯಾದಲ್ಲಿ ಬಳಸಿದ ಕ್ಯಾಟಲಿಟಿಕ್ ಕನ್ವರ್ಟರನ್ನು ಇನ್ನೊಂದು ಕಾರಿಗೆ ಹಾಕಲೆಂದು ಮಾರುವುದು, ಮಾರುತ್ತೇನೆಂದು ಸಾರುವುದು, ಅಳವಡಿಸುವುದು ಮೂರೂ ನಿಷಿದ್ಧ. ಅಂದರೆ ಕಂಪನಿಯ ಕನ್ವರ್ಟರನ್ನು ಒಮ್ಮೆ ಕಳೆದುಕೊಂಡವನಿಗೆ ಸೆಕೆಂಡ್ ಹ್ಯಾಂಡ್ ದಾರಿ ಮುಚ್ಚಿತು. ಡೀಲರ್ ಬಳಿ ಹೊಸದು ಕೊಳ್ಳಬೇಕು, ಇಲ್ಲವೇ ಕಾರ್ಬ್ ಅನುಮತಿಯಿರುವ ಬೇರೆ ತಯಾರಕರದನ್ನು ಹುಡುಕಬೇಕು. ಎರಡೂ ಜೇಬು ಸುಡುತ್ತವೆ. ಅಕ್ಕನ ಮಗನ ಗೆಳೆಯನೊಬ್ಬ ಹುರುಪಿನಲ್ಲಿ ಆ ಕೊಳವೆಯನ್ನು ಸ್ಕ್ರ್ಯಾಪಿಗೆ ಹಾಕಿದ್ದನಂತೆ. ಎರಡು ವರ್ಷದ ಮೇಲೆ ನೋಂದಣಿ ನವೀಕರಿಸಲು ಹೋದಾಗ, ಕಿತ್ತು ಹಾಕಿಸಿದ್ದಕ್ಕೆ ಕೊಟ್ಟದ್ದರ ದುಪ್ಪಟ್ಟು ಕೊಟ್ಟು ಹೊಸದು ತರಿಸಿದ. ಸ್ನೇಹಿತರ ನಡುವೆ ಒಂದೇ ಮೂಲ ಸೆಟ್ಟು ತಪಾಸಣೆಯ ವಾರ ಗ್ಯಾರೇಜಿನಿಂದ ಗ್ಯಾರೇಜಿಗೆ ಸುತ್ತಾಡುವ ಕತೆಗಳೂ ಇವೆ. ಕೇಳಲು ಮೋಜು. ಆದರೆ ಮಕ್ಕಳು ಉಸಿರಾಡುವ ಗಾಳಿಗಾಗಿ ಮಾಡಿದ ಕಾನೂನಿಗೆ ಎರಡು ವರ್ಷಕ್ಕೊಂದು ದಿನ ವೇಷ ಕಟ್ಟುವುದನ್ನು ಜಾಣತನವೆಂದು ಒಪ್ಪಲು ನನಗೆ ಮನಸ್ಸಿಲ್ಲ. 880ನೇ ಹೆದ್ದಾರಿ ಪಕ್ಕದ ಪಶ್ಚಿಮ ಮತ್ತು ಪೂರ್ವ ಓಕ್ಲ್ಯಾಂಡಿನ ಬಡ ಕೇರಿಗಳು ಮೊದಲೇ ಲಾರಿ ಹೊಗೆ ಕುಡಿಯುತ್ತಿವೆ. ಬೆಟ್ಟದ ಬದಿಯ 580ರಲ್ಲಿ ಓಕ್ಲ್ಯಾಂಡ್ ದಾಟುವಷ್ಟು ದೂರ ಭಾರಿ ಲಾರಿಗಳಿಗೆ ಪ್ರವೇಶವಿಲ್ಲ. ಆ ಹೊರೆಯೂ ಕೆಳಗಿನ 880ರ ಮೇಲೆಯೇ ಬೀಳುತ್ತದೆ.

ಈ ಕೊಳವೆ ಕಳ್ಳರಿಗೂ ಗೊತ್ತು. 2021ರಲ್ಲಿ ರೋಡಿಯಂ ಬೆಲೆ ಔನ್ಸಿಗೆ 29,000 ಡಾಲರ್ ಆಸುಪಾಸಿಗೆ ಏರಿತ್ತು. ಟೊಯೋಟಾ ಪ್ರಿಯಸ್ಸಿನ ಎರಡನೇ ತಲೆಮಾರಿನ ಕಾರುಗಳು ಮುಖ್ಯ ಬೇಟೆಯಾದವು. ರಾತ್ರಿ ಬೀದಿಯಲ್ಲಿ ನಿಲ್ಲಿಸಿದ ಕಾರಿನಡಿ ಗರಗಸ ಹಿಡಿದು ನುಗ್ಗಿದರೆ ಕೆಲವೇ ನಿಮಿಷದ ಕೆಲಸ. ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದಾಗ ಟ್ರ್ಯಾಕ್ಟರಿನ ಸದ್ದು ಬಂದರೆ ಮಾಲೀಕನಿಗೆ ವಿಷಯ ತಿಳಿಯಿತು. 2022ರಲ್ಲಿ ರಾಜ್ಯ ಎರಡು ಕಾಯ್ದೆ ಮಾಡಿ, 2023ರ ಆರಂಭದಿಂದ ಕನ್ವರ್ಟರನ್ನು ಸ್ಕ್ರ್ಯಾಪಿಗೆ ಕೊಳ್ಳುವವರು ಯಾವ ಕಾರಿನದು, ಯಾರು ತಂದದ್ದು ಎಂದು ದಾಖಲೆ ಇಡಲೇಬೇಕೆಂದು ಕಟ್ಟು ಮಾಡಿತು. ಬೀದಿಯಲ್ಲಿ ನಿಂತವನಿಂದ ಕೊಳ್ಳುವ ದಾರಿ ಮುಚ್ಚಿತು.

ಕಳ್ಳಮಾಲಿನ ಭಯ ಈ ಸಂತೆಯ ನೆರಳು. 1997ರಿಂದ 2001ರ ನಡುವೆ ಅಮೆರಿಕದಲ್ಲಿ ಮಾರಾಟವಾದ ಅಕ್ಯುರಾ ಇಂಟೆಗ್ರಾ ಟೈಪ್-ಆರ್ ಎಂಬ 195 ಅಶ್ವಶಕ್ತಿಯ ಪುಟ್ಟ ಕಾರಿನ ಎಂಜಿನ್ನಿಗಾಗಿ ಇಡೀ ಕಾರನ್ನೇ ಎತ್ತಿಕೊಂಡು ಹೋಗುತ್ತಿದ್ದ ಕಾಲವೊಂದಿತ್ತು. ಅನುಭವಿ ಗಿರಾಕಿ ಬಾಗಿಲೋ ಬಾನೆಟ್ಟೋ ಬಂಪರೋ ಕೊಳ್ಳುವಾಗ ಮೊದಲು ಒಳಮೈ ತಿರುಗಿಸಿ ನೋಡುತ್ತಾನೆ. ಕಳ್ಳತನಕ್ಕೆ ಹೆಚ್ಚು ಈಡಾಗುವ ಮಾದರಿಗಳಿಗೆ 1987ರಿಂದಲೇ ಮುಖ್ಯ ಭಾಗಗಳ ಮೇಲೆ ಕಾರಿನ ಗುರುತು ಸಂಖ್ಯೆ ಅಂಟಿಸುವ ಕೇಂದ್ರ ನಿಯಮವಿದೆ. ಸ್ಟಿಕ್ಕರ್ ಕೆರೆದ ಗುರುತು ಕಂಡರೆ ಬೆಲೆ ಕೇಳದೆ ವಾಪಸ್ ಹೊರಟುಬಿಡುತ್ತಾರೆ. ಏರ್‌ಬ್ಯಾಗ್ ಇರುವ ಹಳೆ ಸ್ಟೀರಿಂಗನ್ನು ತಿಳಿದವರು ಮುಟ್ಟುವುದಿಲ್ಲ. ತಕಾಟಾ ಕಂಪನಿಯ ಏರ್‌ಬ್ಯಾಗ್ ಸಿಡಿದು ಲೋಹದ ಚೂರು ಎದೆಗೆ ನೆಟ್ಟ ಪ್ರಕರಣಗಳ ಮೇಲೆ ಯಾರಿಗೂ ಆ ಧೈರ್ಯ ಉಳಿದಿಲ್ಲ. ರೇಸ್ ಟ್ರ್ಯಾಕಿಗೆ ಬೇಕಾದ ಬೆಲ್ಟು, ಹೆಲ್ಮೆಟ್ಟುಗಳ ಮೇಲೆ ತಯಾರಿಕೆಯ ದಿನಾಂಕ, ಪ್ರಮಾಣಪತ್ರದ ಚೀಟಿ ನೋಡಬೇಕು. ಹೊಸದರಂತೆ ಹೊಳೆದರೂ ಅವಧಿ ಮುಗಿದಿದ್ದರೆ ಟ್ರ್ಯಾಕಿನವರು ಒಳಗೆ ಬಿಡುವುದಿಲ್ಲ. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಸೆಕೆಂಡ್ ಹ್ಯಾಂಡ್ ಟೈರಿನ ಜಾತಕ ಅದರಲ್ಲೇ ಇದೆ.

ಈ ಗೀಳು ಈ ಊರಿಗೆ ಹೊಸದಲ್ಲ. ಓಕ್ಲ್ಯಾಂಡನ್ನು ಒಂದು ಕಾಲಕ್ಕೆ 'ಪಶ್ಚಿಮದ ಡೆಟ್ರಾಯಿಟ್' ಎನ್ನುತ್ತಿದ್ದರು. 1916ರಲ್ಲಿ ಷೆವರ್ಲೆ ಇಲ್ಲಿ ಕಾರ್ಖಾನೆ ತೆರೆಯಿತು. 1963ರಲ್ಲಿ ಅದು ಮುಚ್ಚಿ ಕೆಲಸ ಫ್ರಿಮಾಂಟಿಗೆ ಹೋಯಿತು. ಫ್ರಿಮಾಂಟಿನ ಆ ಜಾಗದಲ್ಲಿ ಜನರಲ್ ಮೋಟಾರ್ಸ್ 1982ರವರೆಗೆ, ಆಮೇಲೆ 1984ರಿಂದ ಅದೂ ಟೊಯೋಟಾವೂ ಸೇರಿ ಹುಟ್ಟುಹಾಕಿದ 'ನುಮ್ಮಿ' 2010ರವರೆಗೆ ಕಾರು ಕಟ್ಟಿತು. ಈಗ ಅಲ್ಲಿ ಟೆಸ್ಲಾ ಇದೆ. ಫ್ರಿಮಾಂಟಿನ ಕನ್ನಡ ಮನೆಗಳ ಮುಂದೆ ಸಾಲಾಗಿ ನಿಂತಿರುವ ಟೆಸ್ಲಾಗಳ ವಂಶವೃಕ್ಷದ ಬೇರು ಹೀಗೆ ಓಕ್ಲ್ಯಾಂಡಿನ 73ನೇ ಅವೆನ್ಯೂವರೆಗೆ ಹೋಗುತ್ತದೆ. ಮುಚ್ಚಿದ ಷೆವರ್ಲೆ ಕಾರ್ಖಾನೆಯ ಜಾಗದಲ್ಲಿ ಈಸ್ಟ್‌ಮಾಂಟ್ ಮಾಲ್ ಎದ್ದಿತು. 1980ರ ದಶಕದಲ್ಲಿ ಪೂರ್ವ ಓಕ್ಲ್ಯಾಂಡಿನ ಕಪ್ಪು ಯುವಕರು ತಮ್ಮ ಕಾರುಗಳನ್ನು ಮೆರೆಸಲು ಆ ಮಾಲಿನ ಪಾರ್ಕಿಂಗ್ ಜಾಗದಲ್ಲಿ ಸೇರುತ್ತಿದ್ದರು. 'ಸೈಡ್‌ಶೋ' ಎಂಬ ಪದ್ಧತಿ ಬೆಳೆದದ್ದು ಅಲ್ಲಿಂದಲೇ. ಟೈರು ಸುಟ್ಟು ಹೊಗೆಯೆಬ್ಬಿಸಿ ಗಿರಗಿರ ಸುತ್ತುವ ಆ ಆಟ ಈಗ ಅಡ್ಡರಸ್ತೆಗಳನ್ನೇ ತಡೆದು ನಡೆಯುವ ಪುಂಡಾಟವಾಗಿ, ಜೀವಹಾನಿಗೂ ಕಾರಣವಾಗಿ ಪೊಲೀಸರಿಗೆ ತಲೆನೋವಾಗಿದೆ. ಕಾರು ಕಟ್ಟಿದ ನೆಲದಲ್ಲೇ ಕಾರು ಕುಣಿಸುವ ಚಟ ಹುಟ್ಟಿತು. ಕಾರ್ಖಾನೆಯ ಕೆಲಸ ಮಾತ್ರ ಆ ಕೇರಿಗೆ ವಾಪಸ್ ಬರಲಿಲ್ಲ.

ಗುಜರಿಯಿಂದ ಸೊಗಸು ಎತ್ತುವ ಕಲೆಗೂ ಇದೇ ಊರು ವೇದಿಕೆಯಾಯಿತು. ಎರಡನೇ ಮಹಾಯುದ್ಧ ಮುಗಿಸಿ ಬಂದ ಹುಡುಗರು ಹಳೆ ಫೋರ್ಡ್ ಬಾಡಿಗೆ 1932ರಲ್ಲಿ ಬಂದ ವಿ8 ಎಂಜಿನ್ನನ್ನು ಕೂರಿಸಿ, ಸಿಕ್ಕಸಿಕ್ಕ ಕಾರಿನ ಭಾಗ ಜೋಡಿಸಿ ಹಾಟ್ ರಾಡ್ ಕಟ್ಟುತ್ತಿದ್ದರು. ಅವುಗಳಿಗಾಗಿ ಆಲ್ ಸ್ಲೊನೇಕರ್ ಎಂಬ ಸಂಘಟಕ ಓಕ್ಲ್ಯಾಂಡಿನಲ್ಲಿ 1950ರಲ್ಲಿ ರೋಡ್‌ಸ್ಟರ್ ಪ್ರದರ್ಶನ ಏರ್ಪಡಿಸಿದ. 'ಅಮೆರಿಕದ ಅತಿ ಸುಂದರ ರೋಡ್‌ಸ್ಟರ್' ಪ್ರಶಸ್ತಿಯ ಒಂಬತ್ತು ಅಡಿ ಎತ್ತರದ ಟ್ರೋಫಿಯನ್ನು ಮೊದಲು ಗೆದ್ದದ್ದು ಬಿಲ್ ನೀಕ್ಯಾಂಪ್ ಎಂಬಾತನ 1929ರ ಫೋರ್ಡ್. ದಶಕಗಳ ಕಾಲ ಓಕ್ಲ್ಯಾಂಡಿನ ಹೆಸರಿನಲ್ಲೇ ನಡೆದ ಆ ಪ್ರದರ್ಶನ ಈಗ ದಕ್ಷಿಣದ ಪೊಮೋನಾಕ್ಕೆ ಹೋಗಿದೆ. ಹಳೆ ಕಾರಿನವರ ಬಿಡಿಭಾಗದ ಸಂತೆ ಮಾತ್ರ ಹತ್ತಿರದಲ್ಲೇ ಉಳಿದಿದೆ: ಪ್ಲೆಸೆಂಟನ್ನಿನ ಅಲಮೀಡಾ ಕೌಂಟಿ ಜಾತ್ರೆ ಮೈದಾನದಲ್ಲಿ ಹಾಟ್ ರಾಡ್ ಮೇಳದ ಜೊತೆ, ಪ್ರತಿ ಜನವರಿಯಲ್ಲಿ ಟರ್ಲಾಕಿನಲ್ಲಿ ಬಯಲು ತುಂಬ. ಟಾರ್ಪಾಲಿನ ಮೇಲೆ ಹರಡಿದ ಕಾರ್ಬ್ಯುರೇಟರು, ಕ್ರೋಮ್ ಹಿಡಿಕೆ, ಹೆಸರಿಲ್ಲದ ಬುಶ್ಶುಗಳ ನಡುವೆ ಅರವತ್ತು ದಾಟಿದವರೇ ಹೆಚ್ಚು. ಇವರಿಗೆ ಸ್ಟಿಕ್ಕರಿನ ಚಿಂತೆಯಿಲ್ಲ. 1975 ಮತ್ತು ಅದಕ್ಕೂ ಹಿಂದಿನ ಕಾರಿಗೆ ಸ್ಮಾಗ್ ಚೆಕ್ ಇಲ್ಲವಾದ್ದರಿಂದ ಆ ಗೆರೆಯ ಆಚೆಗಿನ ಮಾಲಿಗೆ ಬೆಲೆಯೂ ಹೆಚ್ಚು. ಆ ಗೆರೆಯನ್ನು ಮುಂದೆ ಸರಿಸಿ 35 ವರ್ಷ ದಾಟಿದ ಕಾರುಗಳಿಗೂ ವಿನಾಯಿತಿ ಕೊಡಿ ಎಂದು ಹಾಸ್ಯಗಾರ, ಟಿವಿ ನಿರೂಪಕ, ಕಾರುಪ್ರಿಯ ಜೇ ಲೆನೊ ಬೆಂಬಲದಲ್ಲಿ ಬಂದ ಮಸೂದೆ 2025ರಲ್ಲಿ ಸಮಿತಿಯಲ್ಲೇ ನಿಂತುಹೋಯಿತು.

ಬಿಡಿಭಾಗ ಮಾರುವುದನ್ನೇ ಆಟದ ನಿಯಮ ಮಾಡಿದ ರೇಸೂ ಈ ಸೀಮೆಯದ್ದೇ. 2006ರಲ್ಲಿ, ಓಕ್ಲ್ಯಾಂಡಿನಿಂದ ಪೂರ್ವಕ್ಕೆ ಬೆಟ್ಟ ದಾಟಿದರೆ ಸಿಗುವ ಆಲ್ಟಮಾಂಟ್ ಟ್ರ್ಯಾಕಿನಲ್ಲಿ ಜೇ ಲ್ಯಾಮ್ ಎಂಬ ಪತ್ರಕರ್ತ ಒಂದು ರೇಸ್ ಶುರುಮಾಡಿದ. ಫ್ರಾನ್ಸಿನ ಲ ಮಾನ್ ರೇಸಿಗೆ ಅಣಕು. ಹೆಸರು '24 ಅವರ್ಸ್ ಆಫ್ ಲೆಮನ್ಸ್'. ಕಾರಿನ ಬೆಲೆ 500 ಡಾಲರ್ ಮೀರಕೂಡದು. ಸುರಕ್ಷತೆಯ ಸಾಮಾನಿಗೆ, ಅಂದರೆ ರೋಲ್ ಕೇಜು, ಬೆಲ್ಟು, ಬ್ರೇಕಿಗೆ ಲೆಕ್ಕವಿಲ್ಲ. ಹಾಗಾದರೆ 1,200 ಡಾಲರ್ ಕೊಟ್ಟು ಕೊಂಡ ಕಾರನ್ನು ಒಳಗೆ ತರುವುದು ಹೇಗೆ? ಸೀಟು, ರೇಡಿಯೊ, ಹಿಂದಿನ ಗಾಜು, ಅಲಾಯ್ ಚಕ್ರ ಎಲ್ಲ ಬಿಚ್ಚಿ ಮಾರಿ. ಮಾರಿದ ಹಣವನ್ನು ಬೆಲೆಯಿಂದ ಕಳೆಯಬಹುದು. ತಂಡಗಳು ರಸೀದಿಯ ಕಟ್ಟು ಹಿಡಿದು ನ್ಯಾಯಾಧೀಶರ ಮುಂದೆ ನಿಲ್ಲುತ್ತವೆ. ಮಾತು ನಂಬಿಕೆಗೆ ಬರದಿದ್ದರೆ ಮೀರಿದ ಡಾಲರಿಗೆ ತಕ್ಕಂತೆ ಸುತ್ತು ಕಡಿತ. ಗೆದ್ದವರಿಗೆ ಬಹುಮಾನವನ್ನು ಐದು ಸೆಂಟಿನ ನಾಣ್ಯಗಳ ಮೂಟೆಯಲ್ಲಿ ಕೊಡುತ್ತಿದ್ದರು. ಆಲ್ಟಮಾಂಟ್ ಟ್ರ್ಯಾಕು 2008ರಲ್ಲಿ ಮುಚ್ಚಿತು, ರೇಸು ದೇಶವಿಡೀ ಹರಡಿತು. ಬಿಡಿಭಾಗದ ವಹಿವಾಟಿನ ಪ್ರಾಮಾಣಿಕ ಲೆಕ್ಕಪತ್ರ ನೋಡಬೇಕೆಂದರೆ ನಾನು ಷೇರುಪೇಟೆಗಿಂತ ಈ ರೇಸಿನ ಪಿಟ್ಟಿಗೆ ಹೋಗುತ್ತೇನೆ.

ನಮ್ಮಲ್ಲಿ? ಬೆಂಗಳೂರಿನ ಶಿವಾಜಿನಗರದ ಗುಜರಿ, ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು ಗೊತ್ತಿಲ್ಲದ ಗಾಡಿಪ್ರಿಯರಿಲ್ಲ. ಯಮಹಾ ಆರ್‌ಎಕ್ಸ್100 ಬೈಕಿನ ತಯಾರಿಕೆ ನಿಂತದ್ದು 1996ರಲ್ಲಿ. ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ಜಾವಾ, ಯೆಜ್ಡಿ ಕಟ್ಟುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದೂ ಅದೇ ವರ್ಷ. ಆಮೇಲೆ ಮೂಲ ಭಾಗ ಸಿಗುವ ದಾರಿಯೆಂದರೆ ಮತ್ತೊಬ್ಬರ ಗಾಡಿ, ಮತ್ತೊಬ್ಬರ ಅಟ್ಟ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನಕ್ಕೆ ಸೇರುವವರ ಮಾತು ಕೇಳಿಸಿಕೊಂಡರೆ ಅರ್ಧ ಗಾಡಿಯ ವರ್ಣನೆ, ಇನ್ನರ್ಧ ಯಾರ ಹತ್ತಿರ ಯಾವ ಕಾರ್ಬ್ಯುರೇಟರಿದೆ ಎಂಬ ಸುದ್ದಿ. ಗಾಡಿ ಹೊಸದಿದ್ದಾಗ ಇವರಲ್ಲಿ ಹಲವರು ಕಂಪನಿಯ ಸೈಲೆನ್ಸರ್ ಬಿಸಾಕಿ ಗುಡುಗುವ ಸೈಲೆನ್ಸರ್ ಹಾಕಿಸಿದವರೇ. ಇವತ್ತು ತುಕ್ಕು ಹಿಡಿಯದ ಅದೇ ಹಳೆ ಸೈಲೆನ್ಸರಿಗೆ ಊರೂರು ಅಲೆಯುತ್ತಾರೆ.

ಕಾನೂನಿನ ದಾರಿ ಮಾತ್ರ ಬೇರೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದಿತು. ಕರ್ನಾಟಕದ ಊರುಗಳಲ್ಲಿ ಪೊಲೀಸರು ಕರ್ಕಶ ಸೈಲೆನ್ಸರುಗಳನ್ನು ರಸ್ತೆಯಲ್ಲಿ ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸುವ ಚಿತ್ರಗಳನ್ನು ನೀವು ಪತ್ರಿಕೆಯಲ್ಲಿ ನೋಡಿರುತ್ತೀರಿ. ಚಿತ್ರ ಚೆನ್ನಾಗಿ ಬರುತ್ತದೆ. ಆದರೆ ಯಾವ ಭಾಗ ಹಾಕಬಹುದು, ಯಾವುದು ಕೂಡದು ಎಂದು ಒಂದೊಂದನ್ನೂ ಪರೀಕ್ಷಿಸಿ ಸಂಖ್ಯೆ ಕೊಡುವ ಕ್ಯಾಲಿಫೋರ್ನಿಯಾದ ಕ್ರಮ ಹೆಚ್ಚು ನ್ಯಾಯದ್ದು. ಹವ್ಯಾಸಿಗೆ ಒಂದು ಕಾನೂನುಬದ್ಧ ದಾರಿ ಬಿಟ್ಟಿದೆ. ಅನುಮತಿ ಪಡೆದು ಭಾಗ ತಯಾರಿಸುವ ಕಂಪನಿಗೂ ಸೆಕೆಂಡ್ ಹ್ಯಾಂಡ್ ಗಿರಾಕಿಗೂ ಏನು ಸರಿ ಎಂಬುದು ಸ್ಟಿಕ್ಕರ್ ನೋಡಿದೊಡನೆ ತಿಳಿಯುತ್ತದೆ. ನಮ್ಮ ಸಾರಿಗೆ ಇಲಾಖೆಯೂ ಈ ಬಗ್ಗೆ ಯೋಚಿಸಬಹುದು.

ಅಲ್ಲಿಯವರೆಗೆ, ಓಕ್ಲ್ಯಾಂಡಿನಲ್ಲಿರುವ ಹುಡುಗನಿಗಾಗಲಿ ತುಮಕೂರಿನಲ್ಲಿರುವ ಹುಡುಗನಿಗಾಗಲಿ ನನ್ನ ಸಲಹೆ ಒಂದೇ. ಹೊಸದನ್ನು ಹಾಕಿಸುವುದಾದರೆ ಹಾಕಿಸಿ, ಬಿಚ್ಚಿದ್ದನ್ನು ಗುಜರಿಗೆ ಕೊಡಬೇಡಿ. ಎಣ್ಣೆ ಸವರಿ, ಬಟ್ಟೆ ಸುತ್ತಿ, ಅದರ ಬೋಲ್ಟುಗಳನ್ನು ಒಂದು ಡಬ್ಬಿಗೆ ಹಾಕಿ, ಯಾವುದರದು ಎಂದು ಚೀಟಿ ಬರೆದು ಅಟ್ಟಕ್ಕೆ ಹಾಕಿ. ಹಾಕಿಸಿದ ಭಾಗದ ರಸೀದಿಯನ್ನೂ ಅನುಮತಿ ಚೀಟಿಯನ್ನೂ ಜೊತೆಗಿಡಿ. ಮಾರುವ ದಿನ ಮೊದಲು ಹಾಕಿಸಿದ್ದನ್ನು ಮಾರಿ. ಕಂಪನಿಯದನ್ನು ಗಾಡಿಯ ಜೊತೆಗೇ ಕೊಡಿ.